ಸರಪಳಿ ತೊಟ್ಟ ಗಾಲಿಗಳು: ಸಿಯೆರಾ ನೆವಾಡದ ಹಿಮದ ಹಾದಿಯಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ಕ್ಯಾಲಿಫೋರ್ನಿಯ ರಾಜ್ಯದ ಪೂರ್ವದ ಅಂಚಿನಗುಂಟ, ಸುಮಾರು ೪೦೦ ಮೈಲಿ ಉದ್ದಕ್ಕೆ ಉತ್ತರ ದಕ್ಷಿಣವಾಗಿ ಹಬ್ಬಿಕೊಂಡಿರುವ ಪರ್ವತಗಳ ಸಾಲಿಗೆ ಸಿಯೆರಾ ನೆವಾಡ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಹಿಮ ಹೊದ್ದ ಗಿರಿಶ್ರೇಣಿ ಎಂದು ಇದರ ಅರ್ಥ. ನಮ್ಮ ಹಿರಿಯರು ಹಿಮಾಲಯಕ್ಕೆ ಆ ಹೆಸರನ್ನು ಇಟ್ಟಾಗ ಏನನ್ನು ಕಂಡಿದ್ದರೋ ಅದನ್ನೇ ಸ್ಪೇನ್ ದೇಶದವರೂ ಕಂಡು ತಮ್ಮ ಮಾತಿನಲ್ಲಿ ಹೇಳಿದರು. ಸಹ್ಯಾದ್ರಿಯ ಆಚೆ ಈಚೆ ಬಾಳುವ ನಮಗೆ ಈ ಪರ್ವತದ ಸ್ವಭಾವ ತಿಳಿಯುವುದು ಕಷ್ಟವಲ್ಲ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಘಟ್ಟವನ್ನೇರುವಾಗ ಆಗುಂಬೆಯಲ್ಲಿ ಧಾರಾಕಾರವಾಗಿ ಸುರಿದು, ಚಿತ್ರದುರ್ಗ, ಗದಗುಗಳನ್ನು ಮುಟ್ಟುವ ಹೊತ್ತಿಗೆ ಬರಿದಾಗಿರುತ್ತವಷ್ಟೆ. ಹಾಗೆಯೇ ಶಾಂತಸಾಗರದಿಂದ ಬರುವ ಮೋಡಗಳು ಸಿಯೆರಾದ ಪಶ್ಚಿಮದ ಇಳಿಜಾರಿನಲ್ಲಿಯೇ ತಮ್ಮ ಭಾರವನ್ನೆಲ್ಲ ಇಳುಹಿಬಿಡುತ್ತವೆ. ಪೂರ್ವದ ತಪ್ಪಲಿನ ರೀನೋ ನಗರಕ್ಕೆ ವರ್ಷಕ್ಕೆ ಏಳೆಂಟು ಅಂಗುಲ ಮಳೆ ಬಿದ್ದರೆ ಹೆಚ್ಚು. ವ್ಯತ್ಯಾಸವಿಷ್ಟೆ: ಅಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ ಆದುದರಿಂದ ಎತ್ತರದಲ್ಲಿ ಸುರಿಯುವುದು ನೀರಲ್ಲ, ಹಿಮ.

ಈ ಪರ್ವತವನ್ನು ದಾಟುವ ಹಾದಿಗಳಲ್ಲಿ ಡಾನರ್ ಘಟ್ಟದ ಹಾದಿ ಮುಖ್ಯವಾದುದು. ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು ಸ್ಯಾಕ್ರಮೆಂಟೋ ಮೂಲಕ ಪೂರ್ವಕ್ಕೆ ಸಾಗುವ ೮೦ನೆಯ ಅಂತರರಾಜ್ಯ ಹೆದ್ದಾರಿಯು ೭,೨೩೯ ಅಡಿ ಎತ್ತರದಲ್ಲಿ ಪರ್ವತವನ್ನು ದಾಟಿ, ಟ್ರಕ್ಕಿ ಎಂಬ ಊರನ್ನು ಹಾಯ್ದು, ರೀನೋಗೆ ಇಳಿಯುತ್ತದೆ. ಸ್ಯಾಕ್ರಮೆಂಟೋ ನಗರ ಸಮುದ್ರಮಟ್ಟಕ್ಕಿಂತ ಕೆಲವೇ ಅಡಿಗಳ ಮೇಲಿದೆ. ಕಿತ್ತಳೆಯ ಗಿಡಗಳಿರುವ ಬೀದಿಯನ್ನು ಬಿಟ್ಟ ವಾಹನ ಒಂದೂವರೆ ಗಂಟೆಯಲ್ಲಿ ಆಳೆತ್ತರದ ಹಿಮದ ಗೋಡೆಗಳ ನಡುವೆ ಇರುತ್ತದೆ. ಘಟ್ಟದ ಮೇಲಿನ ಸೋಡಾ ಸ್ಪ್ರಿಂಗ್ಸ್ ಎಂಬಲ್ಲಿ ೧೯೪೬ರಿಂದ ಹಿಮವನ್ನು ಅಳೆಯುತ್ತಿರುವ ಪ್ರಯೋಗಾಲಯವೊಂದಿದೆ. ೧೯೫೧-೫೨ರ ಚಳಿಗಾಲದಲ್ಲಿ ಅಲ್ಲಿ ಒಟ್ಟು ೮೧೨ ಅಂಗುಲ ಹಿಮ ಬಿದ್ದಿತ್ತು. ಅದರ ನಂತರದ ಸ್ಥಾನ ೨೦೨೨-೨೩ರ ಚಳಿಗಾಲಕ್ಕೆ. ಆಗ ಬಿದ್ದುದು ೭೫೪ ಅಂಗುಲ, ಅಂದರೆ ಅರವತ್ತೆರಡು ಅಡಿಗೂ ಮಿಕ್ಕಿ. ಇದೆಲ್ಲ ಒಮ್ಮೆಗೇ ರಾಶಿಯಾಗಿ ನಿಲ್ಲುವುದಿಲ್ಲ, ಬಿದ್ದುದು ತನ್ನ ಭಾರಕ್ಕೆ ತಾನೇ ಅಮುಕಿಕೊಳ್ಳುತ್ತ ಹೋಗುತ್ತದೆ ಎಂಬುದು ನಿಜ. ಆದರೂ ಲೆಕ್ಕ ಕೇಳಿದವರ ಎದೆ ಝಲ್ಲೆನ್ನದೆ ಇರದು.

ಘಟ್ಟಕ್ಕೆ ಡಾನರ್ ಎಂಬ ಹೆಸರು ಬಂದುದು ಒಂದು ದುರಂತದಿಂದ. ೧೮೪೬ರಲ್ಲಿ ಎತ್ತಿನ ಬಂಡಿಗಳಲ್ಲಿ ಸಂಸಾರ ಹೇರಿಕೊಂಡು ಪೂರ್ವದಿಂದ ಕ್ಯಾಲಿಫೋರ್ನಿಯಕ್ಕೆ ಹೊರಟ ಎಂಬತ್ತಕ್ಕೂ ಹೆಚ್ಚು ಜನರ ತಂಡವೊಂದು ಹತ್ತಿರದ ದಾರಿಯೆಂದು ನಂಬಿ ಬೇರೊಂದು ಹಾದಿ ಹಿಡಿದು, ವಾರಗಟ್ಟಲೆ ತಡವಾಗಿ, ಅಕ್ಟೋಬರ್ ಕೊನೆಯ ಹೊತ್ತಿಗೆ ಈ ಘಟ್ಟದ ಬುಡಕ್ಕೆ ಬಂದಿತು. ಹಿಮ ಮುಂಚಿತವಾಗಿಯೇ ಬಿದ್ದಿತ್ತು. ಬಂಡಿಗಳು ಮೇಲೇರಲಿಲ್ಲ. ಸರೋವರದ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು ಇಡೀ ಚಳಿಗಾಲ ಸಿಕ್ಕಿಬಿದ್ದ ಆ ತಂಡದಲ್ಲಿ ಉಳಿದವರು ಅರ್ಧಕ್ಕಿಂತ ತುಸು ಹೆಚ್ಚು ಜನ ಮಾತ್ರ. ೧೯೧೮ರಲ್ಲಿ ಅಲ್ಲಿ ಅವರ ಸ್ಮಾರಕವನ್ನು ನಿಲ್ಲಿಸಿದಾಗ ಅದರ ಪೀಠವನ್ನೇ ೨೨ ಅಡಿ ಎತ್ತರಕ್ಕೆ ಕಟ್ಟಿದರು. ಆ ಸಲದ ಹಿಮ ಅಷ್ಟು ಆಳವಿತ್ತೆಂದು ನೋಡುವವರಿಗೆ ತಿಳಿಯಲೆಂದು. ಆ ದುರಂತವಾದ ಇಪ್ಪತ್ತು ವರ್ಷಗಳಲ್ಲಿ ಚೀನಾ ದೇಶದ ಕೂಲಿಕಾರರು ಇದೇ ಘಟ್ಟದ ಕಗ್ಗಲ್ಲನ್ನು ಕೊರೆದು ೧,೬೫೯ ಅಡಿ ಉದ್ದದ ರೈಲು ಸುರಂಗವನ್ನು ಮಾಡಿದರು. ರೈಲು ಬಂದ ಮೇಲೂ ಹಿಮ ತನ್ನ ಹಟ ಬಿಡಲಿಲ್ಲ. ೧೯೫೨ರ ಜನವರಿ ೧೩ರಂದು ‘ಸಿಟಿ ಆಫ್ ಸ್ಯಾನ್‌ಫ್ರಾನ್ಸಿಸ್ಕೋ’ ಎಂಬ ಹೆಸರಾಂತ ಪ್ರಯಾಣಿಕರ ಗಾಡಿ ಘಟ್ಟದ ಮೇಲೆ ಹಿಮದಲ್ಲಿ ಹೂತು, ಅದರಲ್ಲಿದ್ದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಹೊರತರಲು ಮೂರು ದಿನ ಹಿಡಿಯಿತು.

ಇಂಥ ಹಾದಿಯನ್ನು ೨೦೨೩ರ ಮಾರ್ಚ್ ಮೊದಲ ವಾರದಲ್ಲಿ ನಾವು ದಾಟಬೇಕಾಗಿ ಬಂದುದು ನೋಡುವ ಹಂಬಲದಿಂದಲ್ಲ, ಮಗಳ ಬಾಣಂತನಕ್ಕಾಗಿ. ಮಗಳು ಅಳಿಯ ಇರುವುದು ರೀನೋದಲ್ಲಿ. ಮಗನ ಮನೆ ಈಚೆ ಫ್ರೀಮಾಂಟ್ ನಗರದಲ್ಲಿ. ಬೆಂಗಳೂರಿನಿಂದ ಹೊರಟ ನಾವಿಬ್ಬರೂ ಫೆಬ್ರವರಿ ಕೊನೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಳಿದು ಮಗನ ಮನೆ ಸೇರಿದಾಗ, ಎರಡು ದಿನ ಸುಧಾರಿಸಿಕೊಂಡು ಆಚೆ ಹೋಗುವುದೆಂದು ಮಾತಾಗಿತ್ತು. ಆದರೆ ಆ ವಾರ ಘಟ್ಟದ ಮೇಲೆ ಹಿಮಗಾಳಿ ಎದ್ದು ಹೆದ್ದಾರಿಯನ್ನೇ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ವಿಮಾನದಲ್ಲಿ ಹೋಗೋಣವೆಂದರೆ ಅದರ ವೇಳೆಯೂ ನೆಚ್ಚುವಂತಿರಲಿಲ್ಲ. ವೈದ್ಯರು ಹೇಳಿದ ದಿನಕ್ಕೆ ಇನ್ನು ಒಂದು ವಾರವಷ್ಟೇ ಉಳಿದಿತ್ತು. ನಮ್ಮ ಮನೆಯವರು ಬೆಳಗಾದೊಡನೆ ದೂರದರ್ಶನದ ಮುಂದೆ ಕುಳಿತು, ಭಾಷೆ ತಿಳಿಯದಿದ್ದರೂ, ಬಿಳಿಯ ರಸ್ತೆಯ ಚಿತ್ರವನ್ನೇ ನೋಡುತ್ತಿದ್ದರು.

ಮಗ ಆ ದಿನಗಳನ್ನು ವ್ಯರ್ಥ ಮಾಡಲಿಲ್ಲ. ಅಂಗಡಿಯಿಂದ ಒಂದು ಜೊತೆ ಗಾಲಿಯ ಸರಪಳಿಗಳನ್ನು ತಂದು, ಮನೆಯ ಕಾರುಕೊಟ್ಟಿಗೆಯಲ್ಲಿಯೇ ಹಾಕಿ ತೆಗೆದು ರೂಢಿ ಮಾಡಿಕೊಂಡನು. ಮೊದಲ ದಿನ ಒಂದು ಗಾಲಿಗೆ ಅರ್ಧ ಗಂಟೆ ಹಿಡಿಯಿತು. ಮೂರನೆಯ ದಿನ ಎರಡೂ ಗಾಲಿಗಳಿಗೆ ಹದಿನೈದು ನಿಮಿಷ ಸಾಕಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಮನೆಯವರು, ‘ಎತ್ತಿಗೆ ಲಾಳ ಕಟ್ಟಿದಂಗ ಆತಲ್ಲೋ’ ಎಂದರು. ಆ ಹೋಲಿಕೆ ನಮಗೆ ಬಹಳ ಸರಿಯೆನಿಸಿತು.

ಸರಪಳಿ ಏನು ಮಾಡುತ್ತದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಒಣಗಿದ ಡಾಂಬರಿನ ಮೇಲೆ ರಬ್ಬರಿನ ಗಾಲಿಗೆ ಇರುವ ಹಿಡಿತವನ್ನು ನೂರು ಎಂದು ಇಟ್ಟುಕೊಂಡರೆ, ಅಮುಕಿದ ಹಿಮದ ಮೇಲೆ ಅದು ಮೂವತ್ತರ ಆಸುಪಾಸಿಗೆ ಇಳಿಯುತ್ತದೆ. ನೀರುಗಲ್ಲಿನ ಮೇಲಾದರೆ ಹತ್ತು ಹದಿನೈದಕ್ಕೆ. ಇದರ ಜೊತೆಗೆ, ಚಳಿ ಸುಮಾರು ೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಸಾಧಾರಣ ಗಾಲಿಯ ರಬ್ಬರು ಬಿರುಸಾಗಿ ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತದೆ. ಗಾಲಿಗೆ ಅಡ್ಡಡ್ಡಲಾಗಿ ಬಿಗಿದ ಉಕ್ಕಿನ ಕೊಂಡಿಗಳು ವಾಹನದ ಭಾರವನ್ನೆಲ್ಲ ಕೆಲವು ಅಂಗುಲಗಳ ಕಬ್ಬಿಣದ ಮೇಲೆ ಹೇರಿ, ಹಿಮದೊಳಕ್ಕೆ ಇಳಿದು ಕಚ್ಚುತ್ತವೆ. ನಮ್ಮ ಎರೆಭೂಮಿಯಲ್ಲಿ ಮುಂಗಾರಿಯ ಮೊದಲ ಮಳೆ ಬಿದ್ದ ಮೇಲೆ ದಾರಿ ನಡೆದವರಿಗೆ ಈ ಸಂಕಟ ಹೊಸದಲ್ಲ. ಗಾಲಿ ತಿರುಗಿದಷ್ಟೂ ಕೆಳಗಿಳಿಯುವುದು, ಗೋಣಿತಟ್ಟು, ಕಲ್ಲು, ತೊಗರಿಕಟ್ಟಿಗೆ ಏನು ಸಿಕ್ಕರೆ ಅದನ್ನು ಗಾಲಿಯ ಮುಂದೆ ಹಾಕಿ ನೂಕುವುದು, ಇವೆಲ್ಲ ಹಳ್ಳಿಯ ಮನೆಗಳಲ್ಲಿ ಎಲ್ಲರೂ ಕಂಡವೇ. ಗದ್ದೆಯಲ್ಲಿ ಕೆಸರು ಮಾಡುವ ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಜೋಡಿಸುವುದೂ, ಮಲೆನಾಡಿನ ಎಸ್ಟೇಟುಗಳ ಜೀಪಿಗೆ ಮಳೆಗಾಲದಲ್ಲಿ ಸರಪಳಿ ಸುತ್ತುವುದೂ ಇದೇ ಉಪಾಯದ ಬೇರೆ ರೂಪಗಳು.

ಮೋಟಾರಿನ ಗಾಲಿಗೆ ಸರಪಳಿಯನ್ನು ಮೊದಲು ವ್ಯವಸ್ಥಿತವಾಗಿ ರೂಪಿಸಿದವನು ನ್ಯೂಯಾರ್ಕ್ ರಾಜ್ಯದ ಕನಸ್ಟೋಟ ಎಂಬ ಊರಿನ ಹ್ಯಾರಿ ವೀಡ್. ಅಂದಿನ ಸವಾರರು ಕೆಸರಿನಲ್ಲಿ ಸಿಕ್ಕಾಗ ಗಾಲಿಗೆ ಹಗ್ಗ, ಬಳ್ಳಿಗಳನ್ನು ಸುತ್ತುತ್ತಿದ್ದುದನ್ನು ಕಂಡು ಆತನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ೧೯೦೪ರ ಆಗಸ್ಟಿನಲ್ಲಿ ಆತನಿಗೆ ಅದರ ಹಕ್ಕುಪತ್ರ ದೊರೆಯಿತು. ಅಂದಿನಿಂದ ಇಂದಿನವರೆಗೆ ಆ ಮೂಲರೂಪ ಹೆಚ್ಚು ಬದಲಾಗಿಲ್ಲ. ಏಣಿಯಂತೆ ಅಡ್ಡಪಟ್ಟಿಗಳಿರುವುದು ಒಂದು ಬಗೆ, ಬಲೆಯಂತೆ ಕರ್ಣರೇಖೆಯಲ್ಲಿ ಹೆಣೆದದ್ದು ಇನ್ನೊಂದು ಬಗೆ. ಗಾಲಿಗೂ ಅದರ ಮೇಲಿನ ತಗಡಿಗೂ ನಡುವೆ ಜಾಗ ಕಡಿಮೆಯಿರುವ ಸಣ್ಣ ಕಾರುಗಳಿಗೆ ದಪ್ಪ ಸರಪಳಿ ಒಗ್ಗುವುದಿಲ್ಲ. ಅವುಗಳಿಗೆ ಉಕ್ಕಿನ ಹುರಿಯಿಂದ ಮಾಡಿದ ತೆಳ್ಳನೆಯ ಜೋಡಣೆಯುಂಟು. ನಾರ್ವೆ ದೇಶದಲ್ಲಿ ರೂಪುಗೊಂಡ ಆಟೋಸಾಕ್ ಎಂಬ ಬಟ್ಟೆಯ ಚೀಲವೂ ಇದೆ. ಗಾಲಿಗೆ ಕಾಲುಚೀಲ ತೊಡಿಸಿದಂತೆ ಅದನ್ನು ಏರಿಸುತ್ತಾರೆ. ಹಗುರ, ಸುಲಭ, ಆದರೆ ಬರಿಯ ಡಾಂಬರಿನ ಮೇಲೆ ಬೇಗನೆ ಸವೆದು ಹರಿಯುತ್ತದೆ. ಇನ್ನು ಮೃದುವಾದ ರಬ್ಬರಿನ ಚಳಿಗಾಲದ ಗಾಲಿಗಳು ಬೇರೆ. ಮೂರು ಶಿಖರಗಳ ನಡುವೆ ಹಿಮದ ಹರಳಿನ ಗುರುತು ಅವುಗಳ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಮೊಳೆ ಹೊಡೆದ ಗಾಲಿಗಳನ್ನು ಕ್ಯಾಲಿಫೋರ್ನಿಯದಲ್ಲಿ ನವೆಂಬರ್ ೧ರಿಂದ ಏಪ್ರಿಲ್ ೩೦ರವರೆಗೆ ಮಾತ್ರ ಬಳಸಬಹುದು. ಉಳಿದ ಕಾಲದಲ್ಲಿ ಅವು ರಸ್ತೆಯನ್ನು ಕೆದರುತ್ತವೆಂದು ನಿಷೇಧ.

ಆ ರಾಜ್ಯದ ಸಾರಿಗೆ ಇಲಾಖೆಗೆ ಕ್ಯಾಲ್‌ಟ್ರಾನ್ಸ್ ಎಂದು ಹೆಸರು. ಹಿಮ ಬೀಳುವ ಹಾದಿಗಳಲ್ಲಿ ಅದು ಮೂರು ಹಂತದ ಕಟ್ಟಳೆಯನ್ನು ಜಾರಿಗೆ ತರುತ್ತದೆ. ಮೊದಲನೆಯ ಹಂತದಲ್ಲಿ ಚಾಲಕ ಗಾಲಿಗಳಿಗೆ ಹಿಮದ ರಬ್ಬರು ಇರುವ ಸಾಧಾರಣ ಕಾರುಗಳಿಗೆ ವಿನಾಯಿತಿಯುಂಟು. ಎರಡನೆಯದರಲ್ಲಿ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುವ, ನಾಲ್ಕಕ್ಕೂ ಹಿಮದ ರಬ್ಬರು ಇರುವ ವಾಹನಗಳನ್ನುಳಿದು ಮಿಕ್ಕವೆಲ್ಲ ಸರಪಳಿ ಹಾಕಲೇಬೇಕು. ಮೂರನೆಯದರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ಆ ಹಂತ ಬರುವುದರೊಳಗೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿಬಿಡುತ್ತಾರೆ. ವಿನಾಯಿತಿ ಪಡೆದವರೂ ಸರಪಳಿಯನ್ನು ವಾಹನದಲ್ಲಿ ಇಟ್ಟುಕೊಂಡಿರಬೇಕು. ನಮಗೆ ಬಹಳ ಮೆಚ್ಚುಗೆಯಾದ ಸಂಗತಿಯೆಂದರೆ, ಈ ಕಟ್ಟಳೆ ಬರಿಯ ಫಲಕದ ಮೇಲಿನ ಬರಹವಲ್ಲ. ಸುರಿಯುವ ಹಿಮದಲ್ಲಿ ನಿಂತ ಕೆಲಸಗಾರರು ಒಂದೊಂದು ವಾಹನದ ಗಾಲಿಯನ್ನೂ ಬಗ್ಗಿ ನೋಡಿ ಮುಂದೆ ಬಿಡುತ್ತಾರೆ.

ಘಟ್ಟ ತೆರೆಯಿತೆಂಬ ಸುದ್ದಿ ಬಂದ ಮರುದಿನ ನಸುಕಿನ ಐದು ಗಂಟೆಗೆ ನಾವು ಮೂವರೂ ಫ್ರೀಮಾಂಟ್ ಬಿಟ್ಟೆವು. ಸೊಸೆ ಮೊಮ್ಮಗನೊಡನೆ ಮನೆಯಲ್ಲಿಯೇ ಉಳಿದಳು. ಸುಮಾರು ೨೩೦ ಮೈಲಿಯ ದಾರಿ. ಒಳ್ಳೆಯ ದಿನವಾದರೆ ನಾಲ್ಕು ಗಂಟೆಯ ಪ್ರಯಾಣ. ಡಿಕ್ಕಿಯಲ್ಲಿ ಸರಪಳಿಯ ಪೆಟ್ಟಿಗೆ, ಸಲಿಕೆ, ಒಂದು ಚೀಲ ಮರಳು, ಕಂಬಳಿಗಳು, ನೀರು. ಹಿಂದಿನ ಆಸನದಲ್ಲಿ ನಮ್ಮ ಮನೆಯವರ ತೊಡೆಯ ಮೇಲೆ ಬಾಣಂತಿಯ ಅಂಟಿನುಂಡೆಯ ಡಬ್ಬಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಬೇರೆ ಇದ್ದವು. ಹಿಮದ ದಾರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಎಷ್ಟು ದಿನವಾದರೂ ಕೆಡದು. ಆಬರ್ನ್ ಎಂಬ ಊರಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇದ್ದರೂ ಮಗ ನಿಲ್ಲಿಸಿ ತುಂಬಿಸಿದನು. ಘಟ್ಟದ ಮೇಲೆ ದಾರಿ ಕಟ್ಟಿದರೆ ಗಂಟೆಗಟ್ಟಲೆ ಎಂಜಿನ್ ಓಡಿಸಬೇಕಾಗಬಹುದು, ಹಿಂದಿರುಗಲೂಬೇಕಾಗಬಹುದು ಎಂಬುದು ಅವನ ಲೆಕ್ಕ.

ಕೋಲ್‌ಫ್ಯಾಕ್ಸ್ ದಾಟಿದ ಮೇಲೆ ಪೈನ್ ಮರಗಳ ಬುಡದಲ್ಲಿ ಅಲ್ಲಲ್ಲಿ ಬಿಳಿಯ ತೇಪೆಗಳು ಕಂಡವು. ಇನ್ನೂ ಹತ್ತು ಮೈಲಿ ಹೋಗುವುದರೊಳಗೆ ತೇಪೆಗಳು ಕೂಡಿ ಹಾಸಾದವು. ನ್ಯಾಕ್ ಎಂಬ ಸ್ಥಳದ ಹತ್ತಿರ ಸರಪಳಿ ಕಡ್ಡಾಯವೆಂಬ ಮಿನುಗುವ ಫಲಕ ಕಂಡಿತು. ತಪಾಸಣೆಯ ಜಾಗ ಅಲ್ಲಿಂದ ಮೈಲಿಯಷ್ಟು ಮುಂದೆ. ಆ ನಡುವಣ ಅಗಲವಾದ ಬಲಬದಿಯಲ್ಲಿ ನೂರಾರು ವಾಹನಗಳು ನಿಂತಿದ್ದವು. ನಮ್ಮ ಜಾತ್ರೆಯ ಬಂಡಿಗಳ ಸಾಲು ನೆನಪಾಯಿತು. ಹಳದಿಯ ಅಂಗಿಯ ಮೇಲೆ ಸಂಖ್ಯೆ ಹೊತ್ತ ಜನ ವಾಹನದಿಂದ ವಾಹನಕ್ಕೆ ಓಡುತ್ತಿದ್ದರು. ಇವರು ಸರಪಳಿ ಕಟ್ಟಿಕೊಡುವವರು. ಕ್ಯಾಲ್‌ಟ್ರಾನ್ಸ್‌ನ ನೌಕರರಲ್ಲ, ಆದರೆ ಅದರ ಪರವಾನಗಿ ಪಡೆದು ಸ್ವಂತವಾಗಿ ದುಡಿಯುವವರು. ಸರಪಳಿಯನ್ನು ಮಾರುವುದಾಗಲಿ ಬಾಡಿಗೆಗೆ ಕೊಡುವುದಾಗಲಿ ಅವರು ಮಾಡುವಂತಿಲ್ಲ. ಕಟ್ಟಿಸಿಕೊಂಡವರು ರಸೀದಿ ಪಡೆದು ಅದರ ಮೇಲೆ ಅವರ ಸಂಖ್ಯೆಯನ್ನು ಬರೆದುಕೊಳ್ಳಬೇಕೆಂದು ಇಲಾಖೆಯೇ ಹೇಳುತ್ತದೆ. ಕೆಸರುಹಿಮದಲ್ಲಿ ಬೆನ್ನು ಕೊಟ್ಟು ಮಲಗಿ, ಬರಿಗೈಯಲ್ಲಿ ಕಬ್ಬಿಣ ಹಿಡಿದು ದುಡಿಯುವ ಆ ಜನರನ್ನು ಕಂಡು ನಮಗೆ ಗೌರವ ಮೂಡಿತು.

ಮಗ ತಾನೇ ಕಟ್ಟುವೆನೆಂದು ಇಳಿದನು. ಅವನ ಕಾರಿಗೆ ಎಂಜಿನ್ನಿನ ಬಲ ಸಿಗುವುದು ಮುಂದಿನ ಗಾಲಿಗಳಿಗೆ. ಆದುದರಿಂದ ಸರಪಳಿಯೂ ಮುಂದಿನವಕ್ಕೇ. ಬಲವಿಲ್ಲದ ಗಾಲಿಗೆ ಸರಪಳಿ ಕಟ್ಟಿದರೆ ಅದು ಅಲಂಕಾರವಷ್ಟೆ. ಕೈಬ್ರೇಕು ಎಳೆದು, ಪ್ಲಾಸ್ಟಿಕ್ ಹಾಳೆ ಹಾಸಿ, ಸರಪಳಿಯಲ್ಲಿ ಎಲ್ಲಿಯೂ ತಿರುಚು ಇಲ್ಲವೆಂದು ಬೆರಳಾಡಿಸಿ ನೋಡಿ, ಗಾಲಿಯ ಮೇಲೆ ಹಾರದಂತೆ ಹೊದಿಸಿದನು. ಅಡ್ಡಕೊಂಡಿಗಳ ಚೂಪಾದ ತುದಿ ಹೊರಮುಖವಾಗಿರಬೇಕು, ಇಲ್ಲದಿದ್ದರೆ ರಬ್ಬರಿಗೆ ಚುಚ್ಚುತ್ತದೆ. ವಾಹನವನ್ನು ಒಂದು ಅಡಿ ಮುಂದೆ ಉರುಳಿಸಿ, ಗಾಲಿಯ ಕೆಳಗೆ ಸಿಕ್ಕಿದ್ದ ಭಾಗವನ್ನು ಬಿಡಿಸಿಕೊಂಡು, ಮೊದಲು ಒಳಗಿನ ಕೊಂಡಿ, ಅನಂತರ ಹೊರಗಿನದು. ಪಕ್ಕದಲ್ಲಿ ದೊಡ್ಡ ಟ್ರಕ್ಕಿಗೆ ಸರಪಳಿ ಕಟ್ಟುತ್ತಿದ್ದ ಪಂಜಾಬಿನ ಸರದಾರರೊಬ್ಬರು ನಮ್ಮನ್ನು ಕಂಡು ಹಿಂದಿಯಲ್ಲಿ ಮಾತನಾಡಿಸಿದರು. ಈ ಹೆದ್ದಾರಿಯಲ್ಲಿ ಟ್ರಕ್ಕು ನಡೆಸುವ ಸಿಖ್ಖರು ಬಹಳ ಮಂದಿ. ಅವರು ಮಗನ ಕೆಲಸವನ್ನು ನೋಡಿ ತಲೆದೂಗಿ, ‘ಮಗನೇ, ಸ್ವಲ್ಪ ದೂರ ನಡೆಸಿ ನಿಲ್ಲಿಸಿ ಮತ್ತೊಮ್ಮೆ ಬಿಗಿ ಮಾಡು. ಮೊದಲ ಸಲ ಬಿಗಿದದ್ದು ಬಿಗಿಯಲ್ಲ’ ಎಂದರು. ಹಾಗೆಯೇ ಮಾಡಿದಾಗ ಮೂರು ಕೊಂಡಿಗಳಷ್ಟು ಸಡಿಲ ಸಿಕ್ಕಿತು. ಅಷ್ಟು ಸಡಿಲ ಸರಪಳಿ ವೇಗದಲ್ಲಿ ಬಡಿದರೆ ಬ್ರೇಕಿನ ಕೊಳವೆಯನ್ನೇ ಹರಿಯಬಲ್ಲದು.

ನಮ್ಮ ಮುಂದೆ ನಿಂತಿದ್ದ ಕಾರಿನಲ್ಲಿ ನಮ್ಮ ಕಡೆಯ ಮುಖದ ಹೊಸ ದಂಪತಿಗಳಿದ್ದರು. ಅವರದು ಬಾಡಿಗೆಯ ಕಾರು. ಕೊಟ್ಟ ಕಂಪನಿಯ ಕರಾರುಪತ್ರದಲ್ಲಿ ಸರಪಳಿ ಹಾಕಕೂಡದೆಂದು ಬರೆದಿತ್ತು. ಹಾಕದೆ ಮುಂದೆ ಹೋಗಲು ಸರ್ಕಾರ ಬಿಡದು. ಅನೇಕ ಬಾಡಿಗೆ ಕಂಪನಿಗಳ ಕರಾರಿನಲ್ಲಿ ಈ ಮಾತು ಇರುತ್ತದೆಂದು ಮಗ ಹೇಳಿದನು. ಅವರು ಪೆಚ್ಚುಮೋರೆ ಹಾಕಿಕೊಂಡು ಸ್ಯಾಕ್ರಮೆಂಟೋ ಕಡೆಗೆ ತಿರುಗಿದರು. ಪ್ರವಾಸಕ್ಕೆಂದು ಹೋಗುವ ನಮ್ಮವರು ಕಾರು ಪಡೆಯುವ ಮೊದಲೇ ಇದನ್ನು ಕೇಳಿ ತಿಳಿಯುವುದು ಮೇಲು.

ಹೊರಡುವಷ್ಟರಲ್ಲಿ ಅಳಿಯನ ಫೋನು ಬಂದಿತು. ಮಗಳಿಗೆ ನೋವು ಕಾಣಿಸಿಕೊಂಡಿದೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದನು. ಹೇಳಿದ ದಿನಕ್ಕೆ ಇನ್ನೂ ನಾಲ್ಕು ದಿನವಿತ್ತು. ನಮ್ಮ ಮನೆಯವರು ಏನೂ ಮಾತನಾಡದೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡರು.

ಅಲ್ಲಿಂದ ಟ್ರಕ್ಕಿಗೆ ಸುಮಾರು ಮೂವತ್ತು ಮೈಲಿ. ಸರಪಳಿಯ ಗಾಲಿ ಕಟಕಟನೆ ಒಂದೇ ಸಮನೆ ಸದ್ದು ಮಾಡುತ್ತ, ಆಸನವೆಲ್ಲ ನಡುಗುತ್ತ, ಗಂಟೆಗೆ ಇಪ್ಪತ್ತೈದು ಮೈಲಿಯಂತೆ ಏರಿತು. ಎರಡೂ ಬದಿಗೆ ಹಿಮ ಸರಿಸುವ ಯಂತ್ರಗಳು ಕೊರೆದ ಗೋಡೆಗಳು; ಅವುಗಳ ಮೇಲೆ ರಸ್ತೆಯ ಅಂಚು ಎಲ್ಲಿದೆಯೆಂದು ಯಂತ್ರದವರಿಗೆ ತೋರಲು ನೆಟ್ಟ ಉದ್ದನೆಯ ಗಳಗಳ ತುದಿ ಮಾತ್ರ ಕಾಣುತ್ತಿತ್ತು. ಸದ್ದು ಎಲ್ಲವನ್ನೂ ನುಂಗುವಂಥ ಬಿಳುಪು. ನಾವು ಮಂಜು ಎಂಬ ಒಂದೇ ಮಾತಿನಿಂದ ಕೊಡಗಿನ ಬೆಳಗಿನ ಮುಸುಕನ್ನೂ ಹುಲ್ಲಿನ ಮೇಲಿನ ಹನಿಯನ್ನೂ ಇದನ್ನೂ ಕರೆಯುತ್ತೇವಲ್ಲ, ಇದನ್ನು ಕಂಡವರು ಇನ್ನು ಹಾಗೆ ಕರೆಯಲಾರರು ಎಂದು ತೋರಿತು.

‘ಸ್ವಲ್ಪ ಜೋರಾಗಿ ಹೊಡಿಯೋ ನನ್ನಪ್ಪಾ’ ಎಂದು ಹಿಂದಿನಿಂದ ಒಮ್ಮೆ ಮಾತು ಬಂದಿತು. ‘ಅವ್ವಾ, ಚೈನು ಹಾಕಿದ ಮೇಲೆ ಮೂವತ್ತು ದಾಟಂಗಿಲ್ಲ. ಹರೀತು ಅಂದ್ರ ಇಲ್ಲೇ ನಿಲ್ಲಬೇಕಾಕ್ಕೈತಿ’ ಎಂದು ಮಗ ಹೇಳಿದನು. ಅದರ ಮೇಲೆ ಮಾತಿಲ್ಲ. ಆದರೆ ನಾಲ್ಕು ಗಾಲಿಗೂ ಬಲವಿರುವ ದೊಡ್ಡ ವಾಹನಗಳು, ಸರಪಳಿಯಿಲ್ಲದೆ, ಎಡಬದಿಯಿಂದ ನಮ್ಮನ್ನು ಹಿಂದೆ ಹಾಕಿ ಸರ್ರನೆ ಹೋಗುತ್ತಿದ್ದುದನ್ನು ಅವರು ಕಾಣುತ್ತಿದ್ದರು, ನಾವೂ ಕಾಣುತ್ತಿದ್ದೆವು. ತಂದೆತಾಯಿಗಳಿಗೆ ಅಂಥ ಹೊತ್ತಿನಲ್ಲಿ ಮಗನ ಎಚ್ಚರವೂ ಸಾವಕಾಶವೂ ಒಂದೇ ಆಗಿ ತೋರುತ್ತವೆ. ಆರೇಳು ಮೈಲಿಯ ಮುಂದೆ ಅಂಥದೇ ಒಂದು ವಾಹನ ತಿರುವಿನಲ್ಲಿ ಹಿಮದ ಗೋಡೆಗೆ ಮೂತಿ ತೂರಿ, ಬಾಲ ರಸ್ತೆಗೆ ಮಾಡಿ ನಿಂತಿತ್ತು. ಒಳಗಿದ್ದವರಿಗೆ ಏನೂ ಆಗಿರಲಿಲ್ಲ. ನಾಲ್ಕು ಗಾಲಿಯ ಬಲವು ವಾಹನವನ್ನು ಹೊರಡಿಸಲು ನೆರವಾಗುತ್ತದೆ, ಏರಲು ನೆರವಾಗುತ್ತದೆ, ನಿಲ್ಲಿಸಲು ನೆರವಾಗದು. ನಿಲ್ಲುವುದು ಗಾಲಿಯ ಹಿಡಿತದಿಂದ ಮಾತ್ರ, ಆ ಹಿಡಿತ ಎಲ್ಲರಿಗೂ ಒಂದೇ.

ಕಿಂಗ್‌ವೇಲ್ ಹತ್ತಿರ ಮುಂದೆ ಟ್ರಕ್ಕೊಂದು ಅಡ್ಡವಾಗಿ ಸಾಲು ನಿಂತುಬಿಟ್ಟಿತು. ಮುಕ್ಕಾಲು ಗಂಟೆ. ಹಿಮ ಬೀಳುತ್ತಲೇ ಇತ್ತು. ಮಗ ಹತ್ತು ನಿಮಿಷಕ್ಕೊಮ್ಮೆ ಇಳಿದು, ಹಿಂಬದಿಗೆ ಹೋಗಿ, ಹೊಗೆಯ ಕೊಳವೆಯ ಬಾಯಿಯಲ್ಲಿ ಕೂಡಿದ ಹಿಮವನ್ನು ಸಲಿಕೆಯಿಂದ ಸರಿಸಿ ಬರುತ್ತಿದ್ದನು. ಅದು ಮುಚ್ಚಿಕೊಂಡರೆ ವಿಷಾನಿಲ ಕಾರಿನೊಳಕ್ಕೆ ತಿರುಗುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆ ಬಂದಂತೆ ಪ್ರಾಣ ಹೋಗುತ್ತದೆ. ಪಾಕಿಸ್ತಾನದ ಮರ್ರೀ ಗಿರಿಧಾಮದಲ್ಲಿ ೨೦೨೨ರ ಜನವರಿಯಲ್ಲಿ ಹಿಮ ನೋಡಲು ಬಂದು ದಾರಿಯಲ್ಲಿ ಸಿಕ್ಕಿದ ಇಪ್ಪತ್ತಕ್ಕೂ ಹೆಚ್ಚು ಮಂದಿ, ಮಕ್ಕಳೂ ಸೇರಿದಂತೆ, ತಮ್ಮ ಕಾರುಗಳಲ್ಲಿಯೇ ತೀರಿಕೊಂಡರು. ಚಳಿಗೆ ಹೀಟರು ಹಾಕಿಕೊಂಡು ಕಿಟಕಿ ಮುಚ್ಚಿ ಕುಳಿತವರೂ ಅವರಲ್ಲಿದ್ದರು. ಎಂಜಿನ್ನನ್ನು ಆಗಾಗ ಆರಿಸುವುದು, ಗಾಳಿಯ ಮರೆಯ ಕಿಟಕಿಯನ್ನು ಬೆರಳಗಲ ತೆರೆದಿಡುವುದು, ಕಾರನ್ನು ಬಿಟ್ಟು ನಡೆದು ಹೋಗದಿರುವುದು, ಇವು ಅಲ್ಲಿಯ ಜನ ಮಕ್ಕಳಿಗೂ ಕಲಿಸುವ ಮಾತುಗಳು.

ನಮ್ಮವರಿಗೆ ಇದು ಬರಿಯ ಪರದೇಶದ ಸುದ್ದಿಯಲ್ಲ. ೨೦೨೦ರ ಅಕ್ಟೋಬರಿನಲ್ಲಿ ರೋಹ್ತಾಂಗ್ ಕೆಳಗೆ ೯ ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಕರ್ನಾಟಕದಿಂದಲೂ ಸಂಸಾರಸಮೇತ ಮನಾಲಿಗೆ ಚಳಿಗಾಲದಲ್ಲಿಯೇ ಹೋಗುವವರಿದ್ದಾರೆ. ೨೦೨೪ರ ಡಿಸೆಂಬರ್ ಕೊನೆಯಲ್ಲಿ ಸೋಲಂಗಿಗೂ ಸುರಂಗಕ್ಕೂ ನಡುವೆ ನೂರಾರು ವಾಹನಗಳು ಹಿಮದಲ್ಲಿ ನಿಂತು, ಪೊಲೀಸರು ರಾತ್ರಿಯೆಲ್ಲ ಜನರನ್ನು ಇಳಿಸಬೇಕಾಯಿತು. ಹಿಮ ಬಿದ್ದಾಗ ಅಲ್ಲಿಯೂ ನಾಲ್ಕು ಗಾಲಿಯ ಬಲವಿರುವ ಅಥವಾ ಸರಪಳಿ ಹಾಕಿದ ವಾಹನಗಳನ್ನಷ್ಟೇ ಬಿಡುತ್ತಾರೆ. ಬೆಂಗಳೂರಿನಿಂದ ತಮ್ಮ ಕಾರಿನಲ್ಲಿಯೇ ಹೋಗುವ ಸಾಹಸ ಮಾಡುವವರು ಮನಾಲಿಯಲ್ಲಿ ಅಲ್ಲಿಯ ಚಾಲಕನ ವಾಹನವನ್ನು ಗೊತ್ತುಮಾಡಿಕೊಳ್ಳುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಬಂಡಿ ನಮ್ಮದಾದರೂ ದಾರಿ ಅವರದು.

ಶಿಖರವನ್ನು ದಾಟಿದ್ದು ನಮಗೆ ತಿಳಿಯಲೇ ಇಲ್ಲ. ಫಲಕವನ್ನು ಹಿಮ ಮುಚ್ಚಿತ್ತು. ಇಳಿಜಾರು ತೊಡಗಿದಾಗ ಮಗ ಬ್ರೇಕನ್ನು ಮುಟ್ಟದೆ ಗೇರನ್ನು ಇಳಿಸಿ ಎಂಜಿನ್ನಿನಿಂದಲೇ ತಡೆಯುತ್ತ ಹೋದನು. ಸೇತುವೆಗಳ ಮೇಲೆ ಇನ್ನೂ ಮೆಲ್ಲಗೆ. ಕೆಳಗೂ ಗಾಳಿಯಾಡುವುದರಿಂದ ಅಲ್ಲಿ ನೀರು ಮೊದಲು ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಮಾತ್ರ ತೊಯ್ದ ಡಾಂಬರಿನಂತೆಯೇ ಕಾಣುತ್ತದೆ. ಎಡಕ್ಕೆ ಸುರಂಗಗಳ ರೈಲುದಾರಿ ಇದೆಯೇ ಬಲಕ್ಕೆ ಇದೆಯೇ ಎಂದು ನೋಡುವ ಆಸೆಯಿತ್ತು. ಬಿಳುಪಿನ ಹೊರತು ಏನೂ ಕಾಣಲಿಲ್ಲ. ಟ್ರಕ್ಕಿ ದಾಟಿದ ಸ್ವಲ್ಪ ಹೊತ್ತಿಗೆ ಮೋಡ ಹರಿದು ಬಿಸಿಲು ಬಿದ್ದಿತು. ಅದೇ ಪರ್ವತದ ಇನ್ನೊಂದು ಮಗ್ಗುಲು! ರಸ್ತೆ ಕಪ್ಪಗೆ ಒಣಗಿತ್ತು. ಅಲ್ಲಿ ನಿಲ್ಲಲು ಬಿಟ್ಟ ಜಾಗದಲ್ಲಿ ಸರಪಳಿಗಳನ್ನು ಬಿಚ್ಚಿದೆವು. ಬಿಚ್ಚಲು ಐದು ನಿಮಿಷ ಸಾಕು. ಬರಿಯ ನೆಲದ ಮೇಲೆ ಸರಪಳಿಯೊಡನೆ ಓಡಿಸಿದರೆ ಸರಪಳಿಯೂ ಹೋಗುತ್ತದೆ, ಗಾಲಿಯೂ ಹೋಗುತ್ತದೆ, ರಸ್ತೆಯೂ ಹೋಗುತ್ತದೆ.

ನಾಲ್ಕು ಗಂಟೆಯ ದಾರಿಗೆ ಒಂಬತ್ತು ಗಂಟೆಗಿಂತ ಹೆಚ್ಚು ಹಿಡಿದು, ಮಧ್ಯಾಹ್ನ ಎರಡೂವರೆಗೆ ಆಸ್ಪತ್ರೆಯನ್ನು ಮುಟ್ಟಿದೆವು. ಮಗಳು ಹಾಸಿಗೆಯ ಮೇಲೆ ಒರಗಿ ಕುಳಿತಿದ್ದಳು. ಇನ್ನೂ ಬಹಳ ಹೊತ್ತಿದೆಯೆಂದು ದಾದಿಯರು ಹೇಳಿದರು. ತಾಯಿಯನ್ನು ನೋಡಿದೊಡನೆ ಅವಳು ಕೇಳಿದ್ದು, ‘ಅವ್ವಾ, ಊಟ ಮಾಡಿಯೇನ?’ ಎಂದು. ಮೊಮ್ಮಗಳು ಹುಟ್ಟಿದ್ದು ಮರುದಿನ ನಸುಕಿನ ಮೂರು ಗಂಟೆಗೆ. ಆ ಇಡೀ ರಾತ್ರಿ ನಮ್ಮ ಮನೆಯವರು ಮಗಳ ಬೆನ್ನು ನೀವುತ್ತ ನಿಂತಿದ್ದರು.

ಮಗನಿಗೆ ಸೋಮವಾರ ಕೆಲಸವಿದ್ದುದರಿಂದ ಎರಡು ದಿನದ ಮೇಲೆ ಒಬ್ಬನೇ ಹಿಂದಿರುಗಬೇಕಾಯಿತು. ಅಷ್ಟರೊಳಗೆ ಅಳಿಯ ಸರಪಳಿಗಳನ್ನು ಬಿಸಿನೀರಿನಲ್ಲಿ ಜಾಲಿಸಿ, ಕೊಟ್ಟಿಗೆಯ ಹಗ್ಗಕ್ಕೆ ತೂಗುಹಾಕಿ ಒಣಗಿಸಿದ್ದನು. ರಸ್ತೆಗೆ ಚೆಲ್ಲುವ ಉಪ್ಪು ಅಂಟಿಕೊಂಡರೆ ಒಂದೇ ಚಳಿಗಾಲದಲ್ಲಿ ತುಕ್ಕು ತಿಂದುಬಿಡುತ್ತದಂತೆ. ಹೊರಡುವ ಮುನ್ನ ಮಗ ಒಂದೊಂದು ಕೊಂಡಿಯನ್ನೂ ನೋಡಿದನು. ಒಂದು ಅಡ್ಡಪಟ್ಟಿ ಸವೆದು ತೆಳುವಾಗಿತ್ತು. ಊರಿನ ಅಂಗಡಿಯಲ್ಲಿ ಬೇರೆ ಜೊತೆಯನ್ನೇ ಕೊಂಡು, ಹಳೆಯದನ್ನು ಅಲ್ಲಿಯೇ ಬಿಟ್ಟು ಹೋದನು. ಆಬರ್ನ್ ತಲುಪಿದ್ದೇನೆ, ದಾರಿ ಒಣಗಿದೆ ಎಂದು ಅವನ ಫೋನು ಬಂದಾಗ ಸಂಜೆ ನಾಲ್ಕು ಗಂಟೆ. ನಮ್ಮ ಮನೆಯವರು ಆಗ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು.